ಕೂಗಿಗೆ ಕಟ್ಟಿದ ಬೆಲೆ

ಕಾಡಿನ ಗೌಜಲಹಕ್ಕಿಯನ್ನು ಕರೆಯಲು ಧಾರವಾಡ ಸೀಮೆಯ ಅಲೆಮಾರಿ ಬೇಟೆಗಾರರಾದ ಹರಣಶಿಕಾರಿಗಳಿಗೆ ಪೀಪಿ ಬೇಕಿರಲಿಲ್ಲ. ಪಳಗಿಸಿದ ಇನ್ನೊಂದು ಗೌಜಲಹಕ್ಕಿಯೇ ಆ ಕೆಲಸ ಮಾಡುತ್ತಿತ್ತು. ಹೀಗೆ ಮುಂದಿಟ್ಟು ಸೆಳೆಯುವ ಪ್ರಾಣಿಗೆ ಹಳಗನ್ನಡದಲ್ಲಿ ‘ದೀವ’ ಎಂಬ ಹೆಸರೇ ಇದೆ. 12ನೆಯ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಗ್ರಂಥ ಬೇಟೆಯನ್ನು ಅರಸರ ವಿನೋದಗಳಲ್ಲಿ ಸೇರಿಸಿತು. ಅರಸರ ವಿನೋದ ಹರಣಶಿಕಾರಿಗಳಿಗೆ ಹೊಟ್ಟೆಪಾಡು.

ಹಕ್ಕಿಯನ್ನು ಮರಿಯಿದ್ದಾಗಲೇ ತಂದು, ಹುತ್ತ ಕೆದರಿ ಗೆದ್ದಲು ತಿನ್ನಿಸಿ ಸಾಕಬೇಕಿತ್ತು. ಸಲುಗೆ ಬೆಳೆದರೆ ಅದು ಸಾಕಿದವನ ಹಿಂದೆ ನಾಯಿಮರಿಯಂತೆ ಓಡುತ್ತಿತ್ತು. ನಸುಕಿನಲ್ಲಿ ಬಟ್ಟೆ ಮುಚ್ಚಿದ ಬಿದಿರಿನ ಪಂಜರವನ್ನು ಹೊಲದ ಬದುವಿನ ಜಾಲಿಗಂಟಿಯ ಬುಡದಲ್ಲಿಟ್ಟು, ಸುತ್ತಲೂ ಕುದುರೆ ಬಾಲದ ಕೂದಲಿನಿಂದ ಹೊಸೆದ ಉರುಲುಗಳನ್ನು ಗೂಟಕ್ಕೆ ಕಟ್ಟುತ್ತಿದ್ದರು. ಪಂಜರದ ಗಂಡು ಕೂಗಿದರೆ, ತನ್ನ ಮೇರೆಯೊಳಗೆ ಪರಕೀಯ ಬಂದನೆಂದು ಆ ಜಾಗದ ಗಂಡು ಜಗಳಕ್ಕೆ ನುಗ್ಗಿ ಕಾಲು ಸಿಕ್ಕಿಸಿಕೊಳ್ಳುತ್ತಿತ್ತು.

ಮಾಂಸದ ಹಕ್ಕಿಗೆ ದರ ಕಟ್ಟುವುದು ಸುಲಭ: ಜೋಡಿಗಿಷ್ಟು ಎಂದು ಹೇಳಿ, ಹೊತ್ತು ಏರಿದಂತೆ ಇಳಿಸುವುದು. ಹಳ್ಳಿಗಳಲ್ಲಿ ದುಡ್ಡಿನ ಬದಲು ಜೋಳವೂ ನಡೆಯುತ್ತಿತ್ತು. ದೀವದ ಹಕ್ಕಿಯ ಲೆಕ್ಕವೇ ಬೇರೆ. ಅದರ ಮೈ ಹಿಡಿದು ನೋಡಿದರೆ ಏನೂ ತಿಳಿಯದು. ಮಾರುವವನು ಪಂಜರದ ಬಟ್ಟೆ ಸರಿಸಿ, ನಾಲಗೆ ಮಡಚಿ ತಾನೇ ಒಮ್ಮೆ ಗೌಜಲದಂತೆ ಕೂಗುತ್ತಿದ್ದ. ಹಕ್ಕಿ ಕತ್ತು ನಿಮಿರಿಸಿ ತಡವಿಲ್ಲದೆ ಮಾರುತ್ತರ ಕೊಟ್ಟರೆ ಅರ್ಧ ವ್ಯಾಪಾರ ಕುದುರಿದಂತೆ. ಜನರ ಗದ್ದಲದಲ್ಲೂ ಕೂಗುವ, ಹೊಸ ಹೊಲದಲ್ಲಿ ಬೆದರಿ ಮುದುಡದ ಹಕ್ಕಿಗೆ ಹೆಚ್ಚು ಬೆಲೆ. ಮನೆಯಲ್ಲಷ್ಟೇ ಹಾಡುವ ಶೂರನಿಗೆ ಸಾರಿನ ಬೆಲೆ. ಸಾಕಿದ ತಿಂಗಳುಗಳಿಗೆ ಯಾರೂ ಕೂಲಿ ಹಿಡಿಯುತ್ತಿರಲಿಲ್ಲ. ನಿಜವಾಗಿ ಒಳ್ಳೆಯ ಹಕ್ಕಿ ಮಾರಾಟಕ್ಕೆ ಬರುತ್ತಿದ್ದುದೇ ಅಪರೂಪ, ಕಷ್ಟ ಬಂದಾಗ ಮಾತ್ರ.

ಕಸುಬಿಗೆ ಮೊದಲ ಪೆಟ್ಟು ಬಿದ್ದದ್ದು ಹಕ್ಕಿಯ ಕಾರಣಕ್ಕಲ್ಲ. ಬ್ರಿಟಿಷರ ಅಪರಾಧಿ ಬುಡಕಟ್ಟುಗಳ ಕಾಯ್ದೆಯಡಿ ಅಲೆಮಾರಿ ಕುಟುಂಬಗಳನ್ನು ಹುಬ್ಬಳ್ಳಿ, ಗದಗಗಳ ಸೆಟ್ಲಮೆಂಟ್‌ಗಳಲ್ಲಿ ಕೂಡಿಹಾಕಿದರು. ಹಾಜರಿ ಹಾಕಬೇಕಾದವನು ನಸುಕಿಗೆ ಹೊಲದಲ್ಲಿರುವುದು ಹೇಗೆ? ಆ ಕಾಯ್ದೆ 1952ರಲ್ಲಿ ಹೋಯಿತು, ‘ಸೆಟ್ಲಮೆಂಟ್’ ಎಂಬ ಹೆಸರು ಹುಬ್ಬಳ್ಳಿಯ ಬಾಯಲ್ಲಿ ಉಳಿಯಿತು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆರಂಭದಲ್ಲಿ ಸಣ್ಣ ಬೇಟೆಗೂ ಬಲೆ ಹಾಕುವುದಕ್ಕೂ ಪರವಾನಗಿಯ ದಾರಿ ಇಟ್ಟಿತ್ತು. ಕಾಗದ, ಕಚೇರಿ ಬಲ್ಲವರಿಗೆ ಮಾತ್ರ ಕಾಣುವ ದಾರಿ ಅದು. 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ಬಹಿರಂಗವಾಗಿ ಕೂಗಿಸಿ ತೋರಿಸುವಂತಿಲ್ಲ ಎಂದಾದ ಮೇಲೆ ಕೂಗಿಗೆ ಬೆಲೆ ಕಟ್ಟುವುದೂ ನಿಂತಿತು. ಕದ್ದು ಮಾರುವವನಿಗೆ ಮೂಕ ಹಕ್ಕಿಯೇ ಕ್ಷೇಮ. ಹಕ್ಕಿಗಳ ಮಟ್ಟಿಗೆ ಈ ನಿಷೇಧ ಬೇಕಾಗಿತ್ತು. ಕಸುಬು ಬಿಟ್ಟವರಿಗೆ ಬದಲಿ ಏನೆಂಬುದು ಮಾತ್ರ ಕಾಯ್ದೆಯಲ್ಲಿರಲಿಲ್ಲ. ಹೋಟೆಲುಗಳ ತಟ್ಟೆಗೆ ಗೌಜಲದ ಬದಲು ಫಾರ್ಮಿನ ಜಪಾನಿ ಲಾವುಗೆ ಬಂತು.

ಕುದುರೆ ಕೂದಲಿನ ಜಾಗಕ್ಕೆ ನೈಲಾನ್ ದಾರ ಬಂದಂತೆ, ಕಳ್ಳಬೇಟೆಯಲ್ಲಿ ಪಂಜರದ ಹಕ್ಕಿಯ ಜಾಗಕ್ಕೆ ಮೊಬೈಲಿನಲ್ಲಿ ತುಂಬಿಕೊಂಡ ಕೂಗು ಬಂದಿದೆ. ಅದಕ್ಕೆ ಗೆದ್ದಲು ಬೇಡ, ಸಲುಗೆ ಬೇಡ, ಅದು ಬೆದರುವುದೂ ಇಲ್ಲ. ಉರುಲು ಒಡ್ಡುವುದು, ಆಮಿಷ ತೋರುವುದು ಎಲ್ಲವೂ ಕಾಯ್ದೆಯ ಅರ್ಥದಲ್ಲಿ ಬೇಟೆಯೇ ಆದ್ದರಿಂದ ಆ ಕೂಗಿಗೂ ಬೇಟೆಯ ಶಿಕ್ಷೆಯೇ.