ಓದುವಾಗ ಬಿಟ್ಟ ಸಾಲು

ಹ್ಯಾರಿ ಪಾಟರ್‌ನ ಏಳನೆಯ ಪುಸ್ತಕ ಮುಗಿದ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಮಾತಾಡಲಿಲ್ಲ. ಎರಡು ವರ್ಷದಿಂದ ಇಶಾ ನಮಾಜು ಮುಗಿಸಿ, ಪಾತ್ರೆ ತೊಳೆದಿಟ್ಟು, ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ನಾನು ಓದುತ್ತ ಬಂದ ಕತೆ ಅದು. ಕೇಳುವವರು ಮೂವರು. ಹನ್ನೆರಡರ ಮಗಳು, ಎಂಟರ ಮಗ, ಮತ್ತೆ ಗೋಡೆಗೆ ಗೋಡೆ ಹತ್ತಿದ ಪಕ್ಕದ ಮನೆಯ ಹುಡುಗ. ಅವನಿಗೆ ಹತ್ತು. ಲಿಂಗಾಯತರ ಮನೆಯವನು, ಹಣೆಯ ವಿಭೂತಿ ಅರ್ಧ ಅಳಿಸಿದ ಮುಖದಲ್ಲೇ ಓಡಿ ಬರುತ್ತಾನೆ.

ಪುಸ್ತಕ ಇಂಗ್ಲಿಷಿನದು, ನಾನು ಓದುತ್ತಿದ್ದದ್ದು ಕನ್ನಡದಲ್ಲಿ. ನನ್ನ ಮಕ್ಕಳಿಗೆ ಮನೆಯ ದಖನಿಯೇ ಸಾಕಿತ್ತು, ಆ ಹುಡುಗನಿಗೆ ಅದು ಅರ್ಧವಷ್ಟೇ ತಿಳಿಯುತ್ತದೆ. ಮೂವರೂ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹೋಗುವವರೇ. ಆದರೂ ರಾತ್ರಿ ಒಂಬತ್ತರ ಹೊತ್ತಿಗೆ ಅವರ ಕಿವಿಗಳು ಹುಬ್ಬಳ್ಳಿಯವೇ ಆಗಿರುತ್ತವೆ.

ಮಾರನೆಯ ಸಂಜೆಯೇ ಹುಡುಗ ಬಾಗಿಲಲ್ಲಿ ನಿಂತ. "ಆಂಟಿ, ಇನ್ನ ಯಾವದು ಓದ್ತೀರಿ?"

ನಾನು ಚಂದಮಾಮದ ಹೆಸರು ಹೇಳಿದೆ. ಕನ್ನಡದಲ್ಲಿ 1949ರಲ್ಲಿ ಶುರುವಾದ ಆ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ನಮ್ಮ ಮಾಮೂ ರಟ್ಟು ಹಾಕಿಸಿ ಇಟ್ಟಿದ್ದರು. ದಾಸರಿ ಸುಬ್ರಹ್ಮಣ್ಯಂ ತೆಲುಗಿನಲ್ಲಿ ಬರೆದ ಮಾಂತ್ರಿಕರ ಧಾರಾವಾಹಿಗಳನ್ನು ನಾನು ಕನ್ನಡದಲ್ಲಿ ಓದಿದ್ದು ಅಲ್ಲೇ. ಏಳನೇ ಇಯತ್ತೆವರೆಗೆ ಉರ್ದು ಶಾಲೆಯಲ್ಲಿದ್ದ ನನಗೆ ಕನ್ನಡ ಕಲಿಸಿದವರಲ್ಲಿ ಆ ಮಾಂತ್ರಿಕರೂ ಸೇರಿದ್ದಾರೆ. ಆದರೆ ಮನೆ ಬದಲಿಸುವಾಗ ಆ ಕಟ್ಟುಗಳು ರದ್ದಿಗೆ ಹೋದವು. ಪತ್ರಿಕೆಯೂ ಈಗಿಲ್ಲ. ನಡುವೆ ಎರಡು ಸಂಚಿಕೆ ಇಲ್ಲದ ಧಾರಾವಾಹಿಯನ್ನು ಮಕ್ಕಳ ಮುಂದೆ ಇಡಲಾಗದು.

ನುಸ್ರತಿಯೂ ನೆನಪಾದ. 1657-58ರಲ್ಲಿ ವಿಜಯಪುರದ ಆದಿಲ್‌ಶಾಹಿ ಆಸ್ಥಾನದ ಆ ಕವಿ ದಖನಿಯಲ್ಲಿ ಬರೆದ ‘ಗುಲ್ಶನ್-ಎ-ಇಷ್ಕ್’ದಲ್ಲಿ ಪರಿಯರು ಮಲಗಿದ್ದ ರಾಜಕುಮಾರನನ್ನು ಎತ್ತಿಕೊಂಡು ಹೋಗುತ್ತಾರೆ. ನಾಯಕನ ಹೆಸರು ಮನೋಹರ, ನಾಯಕಿ ಮಧುಮಾಲತಿ. ಮುಸ್ಲಿಂ ಸುಲ್ತಾನನ ದರ್ಬಾರಿನಲ್ಲಿ ಯಾರಿಗೂ ಆ ಹೆಸರುಗಳು ಚುಚ್ಚಿದಂತಿಲ್ಲ. ಆದರೆ ಅದು ಪ್ರೇಮಕತೆ. ನನ್ನ ಮಗ ಎರಡನೇ ರಾತ್ರಿಗೇ ಗೊರಕೆ ಹೊಡೆಯುತ್ತಾನೆ.

ಕೊನೆಗೆ ಮಗಳ ಮಾತು ನಡೆಯಿತು, ನಾರ್ನಿಯಾ ಬಂತು. 1950ರಿಂದ 1956ರವರೆಗೆ ಪ್ರಕಟವಾದ ಸಿ. ಎಸ್. ಲೂಯಿಸ್‌ರ ಏಳು ಪುಸ್ತಕಗಳು. ಬೀರುವಿನೊಳಗಿಂದ ಹಿಮದ ಕಾಡಿಗೆ ದಾರಿ, ಮಾತಾಡುವ ಸಿಂಹ. ಸೆಕೆಯ ರಾತ್ರಿಗಳಲ್ಲಿ ಹಿಮದ ಕತೆ ತಂಪಾಗಿಯೇ ಇತ್ತು. ತೊಂದರೆ ಶುರುವಾದದ್ದು ಕುದುರೆ ಮತ್ತು ಹುಡುಗನ ಕತೆಯಲ್ಲಿ. ನಾರ್ನಿಯಾದ ದಕ್ಷಿಣಕ್ಕೆ ಮರುಭೂಮಿಯಾಚೆ ಕ್ಯಾಲೊರ್ಮೆನ್ ಎಂಬ ದೇಶ. ಅಲ್ಲಿನವರು ಕಂದು ಬಣ್ಣದವರು, ಗಡ್ಡದವರು, ತಲೆಗೆ ಪೇಟ, ಸೊಂಟಕ್ಕೆ ಬಾಗಿದ ಕತ್ತಿ. ಕ್ರೂರಿಗಳು, ಗುಲಾಮರನ್ನು ಮಾರುವವರು. ಅರಾವಿಸ್ ಎಂಬ ಧೀರ ಹುಡುಗಿ ಆ ದೇಶದವಳೇ, ಮಗಳಿಗೆ ಅವಳು ತುಂಬ ಹಿಡಿಸಿದಳು, ಅದನ್ನು ಹೇಳಲೇಬೇಕು. ಆದರೂ ಪುಸ್ತಕದಲ್ಲಿನ ಚಿತ್ರ ನೋಡಿ ಅವಳು ಮೆಲ್ಲಗೆ ಕೇಳಿದಳು, "ಅಮ್ಮೀ, ಇವರು ನಮ್ಮ ದಾದಾನ ಹಂಗ ಯಾಕ ಕಾಣ್ತಾರ?"

ನನ್ನಲ್ಲಿ ಉತ್ತರವಿರಲಿಲ್ಲ. ಆ ಪುಸ್ತಕ ಹೇಗೋ ಮುಗಿಸಿದೆ, ಮುಂದಿನದನ್ನು ತೆಗೆಯಲಿಲ್ಲ. ನಮ್ಮದೇ ಕತೆ ಇರುವಾಗ ಇದೇಕೆ ಎಂಬ ಹಟವೂ ಬಂತು. ನಮ್ಮ ದಾದಿಮಾ ಹಳೇ ಹುಬ್ಬಳ್ಳಿಯ ಮನೆಯಲ್ಲಿ ಅಮೀರ್ ಹಮ್ಜಾನ ಕತೆ ಹೇಳುತ್ತಿದ್ದರು. 1994ರ ಆಗಸ್ಟ್ 15ರಂದು ಈದ್ಗಾ ಮೈದಾನದ ವಿವಾದದಲ್ಲಿ ಗೋಲಿಬಾರ್ ಆಗಿ ಜನ ಸತ್ತು, ಕರ್ಫ್ಯೂ ಬಿದ್ದಾಗ, ನಾವು ಹೊರಗೆ ಇಣುಕದಂತೆ ಹಿಡಿದಿಟ್ಟದ್ದು ಅಮರ್ ಅಯ್ಯಾರನ ಜಂಬೀಲು. ಲೋಕದ ಯಾವ ವಸ್ತುವನ್ನಾದರೂ ನುಂಗುವ ಚೀಲ ಅದು. ದಾದಿಮಾ ತಮ್ಮ ಎಲೆ ಅಡಿಕೆಯ ಬಟವಾವನ್ನೇ ಎತ್ತಿ ತೋರಿಸಿ, "ಇಷ್ಟೇ ಇತ್ತು" ಎನ್ನುತ್ತಿದ್ದರು.

ಲಖನೌದ ನವಲ್ ಕಿಶೋರ್ ಎಂಬ ಹಿಂದೂ ಪ್ರಕಾಶಕರ ಮುದ್ರಣಾಲಯ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಈ ದಾಸ್ತಾನನ್ನು ಅಚ್ಚುಹಾಕಲು ಹಿಡಿದು, ಮುಗಿಸುವಷ್ಟರಲ್ಲಿ 46 ಸಂಪುಟಗಳಾಗಿದ್ದವು. ಏಳು ಪುಸ್ತಕ ಮುಗಿದುವೆಂದು ಅತ್ತ ಮಕ್ಕಳಿಗೆ ಇನ್ನೇನು ಬೇಕು! ಮಕ್ಕಳಿಗೆಂದು ಸಂಕ್ಷೇಪಿಸಿದ ಉರ್ದು ಪುಸ್ತಕವೊಂದು ನನ್ನಲ್ಲಿತ್ತು. ಅದನ್ನೇ ಮುಂದಿಟ್ಟುಕೊಂಡು ಕನ್ನಡದಲ್ಲಿ ಹೇಳತೊಡಗಿದೆ.

ನಾಲ್ಕನೇ ರಾತ್ರಿ ಆ ಸಾಲು ಬಂತು. ಹಮ್ಜಾ ಒಬ್ಬ ರಾಜನನ್ನು ನೆಲಕ್ಕೆ ಕೆಡವಿ ಎದೆಯ ಮೇಲೆ ಕೂತು ಎರಡು ದಾರಿ ಕೊಡುತ್ತಾನೆ. ವಿಗ್ರಹ ಬಿಟ್ಟು ಇಸ್ಲಾಂ ಒಪ್ಪು, ಇಲ್ಲವೇ ತಲೆ ಕೊಡು. ದಾದಿಮಾ ಇದನ್ನು ಉಸಿರು ಕಟ್ಟದೆ ಹೇಳುತ್ತಿದ್ದರು, ನಾವು ಕುಣಿಯುತ್ತಿದ್ದೆವು. ನನ್ನೆದುರು ಈಗ ವಿಭೂತಿಯ ಹುಡುಗ ಬಾಯಿ ತೆರೆದು ಕೂತಿದ್ದ. ನನ್ನ ನಾಲಿಗೆ ತಡವರಿಸಿತು. "ರಾಜ ಸೋತು ಹಮ್ಜಾನ ಗೆಳೆಯನಾದ" ಎಂದು ಪುಟ ಮಗುಚಿದೆ.

ಹುಡುಗ ಹೋದ ಮೇಲೆ ಮಗಳು ಅಡುಗೆಮನೆಗೆ ಬಂದಳು. ಅವಳಿಗೆ ಉರ್ದು ಕೂಡಿಸಿ ಕೂಡಿಸಿ ಓದಲು ಬರುತ್ತದೆ ಎಂಬುದನ್ನು ನಾನು ಮರೆತಿದ್ದೆ.

"ಒಂದು ಸಾಲು ಬಿಟ್ಟಿ."

"ಅವನಿಗೆ ಬೇಜಾರಾಗ್ತಿತ್ತು."

"ನಾರ್ನಿಯಾದಾಗ ನಮಗಾಗಿ ಯಾರೂ ಬಿಡಲಿಲ್ಲಲ?"

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬಿಟ್ಟದ್ದು ಹುಡುಗನ ಮೇಲಿನ ಮಮತೆಯಿಂದಲೋ, ಅವನ ಮನೆಯವರು ಏನೆಂದಾರೋ ಎಂಬ ಭಯದಿಂದಲೋ? ಈ ಊರಿನಲ್ಲಿ ಬೆಳೆದವಳಿಗೆ ಎರಡನ್ನೂ ಬೇರೆ ಮಾಡುವುದು ಸುಲಭವಲ್ಲ. ಹೀಗೇ ಬಿಡುತ್ತ ಹೋದರೆ ಮಗಳ ಕಣ್ಣಲ್ಲಿ ನಾನು ಸುಳ್ಳಿ. ಹಾಗೇ ಓದಿದರೆ ಹುಡುಗನ ಕಣ್ಣಲ್ಲಿ ಏನು?

ಮರುದಿನ ಹುಡುಗನ ತಾಯಿ ಒಂದು ಡಬ್ಬಿ ಗಿರಮಿಟ್ ಕೊಟ್ಟು ಕಳಿಸಿದ್ದರು. ಅದನ್ನು ಮೂವರಿಗೂ ಹಂಚಿ, ನಿನ್ನೆ ಒಂದು ಮಾತು ಬಿಟ್ಟಿದ್ದೆ ಎಂದು ಹೇಳಿ, ಇದ್ದದ್ದನ್ನು ಇದ್ದಂತೆ ಓದಿದೆ. ಇದು ಬಹಳ ಹಿಂದಿನವರು ಹೊಸೆದ ಕತೆ, ಕತ್ತಿ ತೋರಿಸಿ ನಂಬಿಕೆ ಒಪ್ಪಿಸಲಾಗದು, ಒತ್ತಾಯ ಬೇಡವೆಂದು ಕುರಾನೇ ಹೇಳುತ್ತದೆ ಎಂದು ಮಾತು ಸೇರಿಸಿದೆ. ನನ್ನ ಭಾಷಣ ಮುಗಿಯುವವರೆಗೂ ಹುಡುಗ ಗಿರಮಿಟ್ ಅಗಿಯುತ್ತಿದ್ದ.

"ರಾಜಾ ಹೂಂ ಅಂದ್ನೇನ್ರಿ?"

"ಅಂದ."

"ಸುಳ್ಳ ಅಂದಿರ್ತಾನ ಬಿಡ್ರಿ ಆಂಟಿ. ಎದೀ ಮ್ಯಾಲೆ ಕುಂತ್ರ ಯಾರರೆ ಹೂಂ ಅಂತಾರ. ಮುಂದ ಓದ್ರಿ."

ಅವನ ಊಹೆ ತಪ್ಪಲ್ಲ. ಹಾಗೆ ಹೂಂ ಅಂದವರಲ್ಲಿ ಎಷ್ಟೋ ಜನ ದಾಸ್ತಾನಿನಲ್ಲೇ ಆಮೇಲೆ ತಿರುಗಿಬೀಳುತ್ತಾರೆ.

ಈಗ ಅದೇ ದಾಸ್ತಾನಿನ ತಿಲಿಸ್ಮ್-ಎ-ಹೋಶ್‌ರುಬಾಗೆ ಬಂದಿದ್ದೇವೆ. ಹರಿಯುವ ರಕ್ತದ ನದಿ, ಅದರ ಸೇತುವೆಗೆ ಹೊಗೆಯ ಸಿಂಹಗಳ ಕಾವಲು. ಮಾಂತ್ರಿಕರ ಬಾದಶಹ ಅಫ್ರಾಸಿಯಾಬ್ ಒಂದು ಕಡೆ, ಹಮ್ಜಾನ ಕಡೆಯವರು ಇನ್ನೊಂದು ಕಡೆ. ಪಕ್ಕದ ಮನೆಯ ಹುಡುಗ ಅಮರ್ ಅಯ್ಯಾರನ ಪಕ್ಷ, ಶಾಲೆಯ ಚೀಲಕ್ಕೆ ಜಂಬೀಲು ಎಂದು ಹೆಸರಿಟ್ಟಿದ್ದಾನೆ. ಮಗಳು ಅಫ್ರಾಸಿಯಾಬನನ್ನು ಬಿಟ್ಟು ಈಚೆಗೆ ಬಂದ ಮಾಂತ್ರಿಕ ರಾಣಿ ಮಹರುಖ್‌ಳ ಪಕ್ಷ. ನನ್ನ ಮಗ ಮಾತ್ರ ಮೊದಲ ದಿನದಿಂದಲೂ ಅಫ್ರಾಸಿಯಾಬನನ್ನು ಬಿಟ್ಟುಕೊಟ್ಟಿಲ್ಲ. ಅವನ ಹತ್ತಿರ ಜಾದೂ ಜಾಸ್ತಿ ಇದೆಯಂತೆ.