ಹಿತ್ತಲಲ್ಲಿ ಹತ್ತಡಿ ಜಾಗ

ಹಿತ್ತಲಲ್ಲಿ ಒಂದು ಮಂಟಪ ಕಟ್ಟಿಸಬೇಕು ಅಂತ ಅಪ್ಪ ಹೊರಟಿದ್ದು ಅಜ್ಜಿಗೋಸ್ಕರ. ಅಜ್ಜ ಹೋದಮೇಲೆ ಅಜ್ಜಿ ಮನೆಯಿಂದ ಹೊರಗೆ ಬರೋದೇ ಕಮ್ಮಿ. ಹತ್ತಡಿಗೆ ಹತ್ತಡಿ, ನಾಲ್ಕು ಕಂಬ, ಮೇಲೆ ಹೆಂಚು. ಇಷ್ಟಕ್ಕೆ ಯಾರದ್ದೂ ತಕರಾರಿಲ್ಲ. ಎಲ್ಲಿ ಅನ್ನೋದೇ ಜಗಳ.

ಅಪ್ಪನಿಗೆ ನೈಋತ್ಯದ ಮೂಲೆ ಇಷ್ಟ. ಅಲ್ಲಿ ಕೂತರೆ ಇಡೀ ಅಡಿಕೆ ತೋಟ ಕಾಣುತ್ತೆ, ಫೋಟೋಗಂತೂ ಸೂಪರ್. ಆದ್ರೆ ನಮ್ಮೂರು ಸಾಗರದ ಕಡೆ. ಜೂನ್‌ನಿಂದ ಮಳೆ ಬರೋದೇ ಆ ದಿಕ್ಕಿಂದ, ಅದೂ ಓರೆಯಾಗಿ. ಮೇಲೆ ಮಾಡು ಇದ್ರೂ ಕೂತವರು ಒದ್ದೆ. ಹಲಸಿನ ಮರದ ಬುಡದಲ್ಲಿ ನೆರಳು ಚೆನ್ನಾಗಿದೆ, ಆದ್ರೆ ಒಂದು ಹಣ್ಣು ಬಿದ್ರೆ ಹೆಂಚಿನ ಕಥೆ ಮುಗೀತು. ಬಚ್ಚಲ ಹಿಂದೆ ಒಲೆ ಹೊಗೆ.

ನಾನು ಸಿವಿಲ್ ಅಂತ ನನ್ನ ಕೈಗೂ ಟೇಪು ಬಂತು. ನಮ್ಮೂರು ಹೆಚ್ಚುಕಮ್ಮಿ 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ ಮಧ್ಯಾಹ್ನ ಸೂರ್ಯ ನೆತ್ತಿಯಿಂದ ಸುಮಾರು 37 ಡಿಗ್ರಿ ದಕ್ಷಿಣಕ್ಕೆ ವಾಲಿರ್ತಾನೆ, ಜೂನ್ 21ರ ಹೊತ್ತಿಗೆ 9 ಡಿಗ್ರಿ ಉತ್ತರಕ್ಕೆ. ಮಧ್ಯಾಹ್ನದ ಬಿಸಿಲನ್ನು ಮಾಡು ತಡೆಯುತ್ತೆ. ಸಾಯಂಕಾಲ ನಾಲ್ಕೂವರೆಯ ಬಿಸಿಲು ಹಾಗಲ್ಲ, ಪಶ್ಚಿಮದಿಂದ ಮಾಡಿನ ಕೆಳಗೇ ನುಗ್ಗಿ ನೇರ ಮುಖಕ್ಕೆ ಹೊಡೆಯುತ್ತೆ. ಅಜ್ಜಿ ಕಾಫಿ ಕುಡಿಯೋದು ಅದೇ ಹೊತ್ತಿಗೆ! ಅದನ್ನು ತಡೆಯೋಕೆ ಪಶ್ಚಿಮಕ್ಕೆ ಒಂದು ಗೋಡೆ ಬೇಕು. ಮನೆಯದೇ ಗೋಡೆ ಇದೆಯಲ್ಲ. ಅಂದ್ರೆ ಮನೆಯ ಪೂರ್ವಕ್ಕೆ, ಅಡುಗೆಮನೆ ಬಾಗಿಲಿನ ಎದುರಿಗೆ.

"ಅಲ್ಲೇನಿದೆ ನೋಡೋಕೆ? ಬಟ್ಟೆ ಒಣಹಾಕೋ ತಂತಿ" ಅಂದರು ಅಪ್ಪ.

ನಾನು ಹೆಜ್ಜೆ ಎಣಿಸಿದೆ. ಅಡುಗೆಮನೆ ಮೆಟ್ಟಿಲಿಂದ ಪೂರ್ವದ ಜಾಗಕ್ಕೆ ಹದಿನಾಲ್ಕು, ಅಪ್ಪನ ಮೂಲೆಗೆ ಐವತ್ತೆರಡು. ಅಜ್ಜಿಗೆ ಮಂಡಿನೋವು. ಒಳಗಿಂದಲೇ ಕೇಳಿಸಿಕೊಳ್ತಿದ್ದ ಅಜ್ಜಿ, "ತೋಟ ನಾನು ಅರವತ್ತು ವರ್ಷದಿಂದ ನೋಡಿದೀನಿ ಕಣೋ. ಅಡುಗೆಮನೇಲಿ ಯಾರು ಏನು ಮಾತಾಡ್ತಾರೆ ಅಂತ ಕೇಳಿಸಬೇಕು ನಂಗೆ" ಅಂದರು. ಇದು ನನ್ನ ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ, ಆದ್ರೆ ಉತ್ತರ ಅದೇ ಬಂತು.

ಗೋಡೆಯಿಂದ ಐದಡಿ ಬಿಟ್ಟು, ಸೂರಿನ ನೀರು ಬೀಳದ ಹಾಗೆ, ಗೂಟ ಹೊಡೆದು ದಾರ ಕಟ್ಟಿದ್ವಿ. ಅಜ್ಜಿ ಕೋಲು ಹಿಡಿದು ನಿಧಾನಕ್ಕೆ ಬಂದು ನೋಡಿದರು. ಆಚೆ ಕಡೆಯ ದಾರ ಅಜ್ಜ ನೆಟ್ಟಿದ್ದ ದಾಸವಾಳದ ಮೇಲೆ ಹಾದುಹೋಗಿತ್ತು. ಅಜ್ಜಿ ಗಿಡ ಮುಟ್ಟಿ ಸುಮ್ಮನೆ ನಿಂತರು. ಎರಡಡಿ ಈಚೆ ತಂದ್ರೆ ಗಿಡ ಉಳಿಯುತ್ತೆ, ಆದ್ರೆ ಸೂರಿನ ನೀರೆಲ್ಲ ಮಂಟಪದ ಮೇಲೇ. ತಗಡಿನ ದೋಣಿ ಹಾಕಿಸಬೇಕು, ಅದರ ಖರ್ಚು ಬೇರೆ.

ಅಪ್ಪ ಏನೂ ಹೇಳದೆ ಗೂಟ ಕಿತ್ತು ಎರಡಡಿ ಈಚೆ ಹೊಡೆದರು.