ಗಟ್ಟಿ ಗಾಳಿ, ತಿಳಿ ಗಾಳಿ ಮತ್ತು ಒಂದು ಮಾರಿಸ್ ಮೈನರ್

ಬಯಲುಸೀಮೆಯಿಂದ ನೀಲಗಿರಿಗೆ ಸೊಸೆಯಾಗಿ ಬಂದ ಹೆಣ್ಣುಮಕ್ಕಳು ಮೊದಲ ವಾರದಲ್ಲಿಯೇ ಕಲಿಯುವ ಪಾಠವೊಂದುಂಟು: ಇಲ್ಲಿ ತೆರೆದ ಪಾತ್ರೆಯಲ್ಲಿಟ್ಟ ಬೇಳೆ ಸುಲಭವಾಗಿ ಬೇಯುವುದಿಲ್ಲ. ಉದಕಮಂಡಲವು ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಇಷ್ಟು ಎತ್ತರದಲ್ಲಿ ನೀರು 92–93 ಡಿಗ್ರಿಗೇ ಕುದಿದುಬಿಡುತ್ತದೆ. ಅದರ ಮೇಲೆ ಎಷ್ಟು ಸೌದೆ ಒಟ್ಟಿದರೂ ನೀರು ಇನ್ನಷ್ಟು ಬಿಸಿಯಾಗದು. ಗಾಳಿ ತೆಳುವಾಗಿರುವುದೇ ಇದಕ್ಕೆ ಕಾರಣ. ಕಡಲತೀರಕ್ಕೆ ಹೋಲಿಸಿದರೆ ಇಲ್ಲಿಯ ಗಾಳಿಯ ಸಾಂದ್ರತೆ ಸುಮಾರು ಐದರಲ್ಲೊಂದು ಪಾಲು ಕಡಿಮೆ.

ಅಡುಗೆಮನೆಯ ಈ ಸತ್ಯವೇ ಮೋಟಾರು ಕಾರಿಗೂ ಅನ್ವಯಿಸುತ್ತದೆ. ಎಂಜಿನ್ನು ಪೆಟ್ರೋಲನ್ನು ಉರಿಸುವುದು ಗಾಳಿಯೊಡನೆ ಬೆರೆಸಿ. ಗಾಳಿ ಕಡಿಮೆಯಾದಲ್ಲಿ ಪೆಟ್ರೋಲೂ ಅದೇ ಪ್ರಮಾಣದಲ್ಲಿ ಕಡಿಮೆಯಾಗಬೇಕು. ಈಗಿನ ಕಾರುಗಳಲ್ಲಿ ಈ ಲೆಕ್ಕವನ್ನು ಒಂದು ಪುಟ್ಟ ಕಂಪ್ಯೂಟರು ಕ್ಷಣಕ್ಷಣಕ್ಕೂ ಮಾಡುತ್ತಿರುತ್ತದೆ. ಓಡಿಸುವವನಿಗೆ ಅದರ ಸುಳಿವೂ ಇರುವುದಿಲ್ಲ. ನಮ್ಮ ಮನೆಯಲ್ಲಿರುವ 1954ರ ಮಾರಿಸ್ ಮೈನರ್ ಕಾರಿಗೆ ಅಂಥ ಭಾಗ್ಯವಿಲ್ಲ. ಅದಕ್ಕೆ ಮನುಷ್ಯನ ಕಿವಿ ಬೇಕು. ಕಳೆದ ನಾಲ್ಕೈದು ವರ್ಷಗಳಿಂದ ನನ್ನ ಕಿವಿ ಮಂದವಾಗುತ್ತಿದೆ. ಮುಪ್ಪಿನಲ್ಲಿ ಮೊದಲು ಮರೆಯಾಗುವುದು ತಾರಸ್ವರಗಳೆಂದು ಕಿವಿಯ ವೈದ್ಯರು ಹೇಳಿದರು. ಟ್ಯಾಪೆಟ್ಟಿನ ಟಕಟಕ, ಪೆಟ್ರೋಲು ಪಂಪಿನ ಟಿಕ್‌ಟಿಕ್, ಇವೆಲ್ಲ ಆ ವರ್ಗದ ಸದ್ದುಗಳು. ಆದುದರಿಂದ ಈ ವಿದ್ಯೆಯನ್ನು ಇನ್ನೊಬ್ಬರಿಗೆ ಒಪ್ಪಿಸುವ, ಇಲ್ಲವೇ ಕಾರನ್ನೇ ಇನ್ನೊಬ್ಬರಿಗೆ ಒಪ್ಪಿಸುವ ಕಾಲ ಬಂದಿತು.

ಕಾರಿನ ವಿಷಯ ಮೊದಲು ಹೇಳುತ್ತೇನೆ. ಮಾರಿಸ್ ಮೈನರ್ 1948ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಮೋಟಾರು ಪ್ರದರ್ಶನದಲ್ಲಿ ಜನರ ಕಣ್ಣಿಗೆ ಬಿದ್ದಿತು. ಅದನ್ನು ರೂಪಿಸಿದವನು ಅಲೆಕ್ ಇಸಿಗೊನಿಸ್, ಮುಂದೆ ಮಿನಿ ಕಾರಿನಿಂದ ಜಗತ್ಪ್ರಸಿದ್ಧನಾದವನು. ಮಾದರಿ ಸಿದ್ಧವಾದ ಮೇಲೆ ಅದು ತೀರ ಇಕ್ಕಟ್ಟಾಗಿ ಕಾಣುತ್ತದೆಂದು ಅವನಿಗೆ ಅನ್ನಿಸಿತಂತೆ. ಕಾರನ್ನು ಉದ್ದಕ್ಕೆ ಎರಡು ಸೀಳಾಗಿ ಕೊಯ್ಯಿಸಿ, ಹೋಳುಗಳನ್ನು ದೂರ ಸರಿಸಿ ನೋಡಿ, ನಾಲ್ಕು ಅಂಗುಲ ಅಗಲಿಸಿದನು. ಬಾನೆಟ್ಟಿನ ನಡುವೆ ಇಂದಿಗೂ ಕಾಣುವ ಚಪ್ಪಟೆ ಪಟ್ಟಿ ಆ ನಾಲ್ಕು ಅಂಗುಲದ ಗುರುತು. ಬ್ರಿಟಿಷ್ ಕಾರುಗಳಲ್ಲಿ ಹತ್ತು ಲಕ್ಷ ಸಂಖ್ಯೆಯನ್ನು ಮೊದಲು ಮುಟ್ಟಿದ್ದು ಇದೇ. ನಮ್ಮದರಲ್ಲಿ 803 ಸಿ.ಸಿ. ಎಂಜಿನ್ನು, ಎರಡು ಹೋಳಿನ ಮುಂಗಾಜು, ತಿರುವಿನಲ್ಲಿ ಕೈಚಾಚಿದಂತೆ ಪಕ್ಕದಿಂದ ಹೊರಬರುವ ಪುಟ್ಟ ದೀಪದ ತೋಳುಗಳು ಇವೆ. ಹೊಸದಾಗಿದ್ದಾಗ ಅದರ ಶಕ್ತಿ ಮೂವತ್ತು ಅಶ್ವಶಕ್ತಿಯಂತೆ. ಬೆಟ್ಟಕ್ಕೆ ಬಂದೊಡನೆ ಅದರಲ್ಲಿ ಆರನ್ನು ತೆಳುಗಾಳಿಯೇ ಸುಂಕವಾಗಿ ಕಿತ್ತುಕೊಳ್ಳುತ್ತದೆ. ಉಳಿದ ಇಪ್ಪತ್ತನಾಲ್ಕರಲ್ಲಿ ನಮ್ಮ ಸಂಸಾರ ಘಟ್ಟ ಹತ್ತಿ ಇಳಿದಿದೆ.

ನನ್ನ ತಂದೆಯವರು ಚಹಾ ಎಸ್ಟೇಟೊಂದರಲ್ಲಿ ರೈಟರ್ ಆಗಿದ್ದರು. ತೋಟದ ದೊರೆ ತನ್ನ ದೇಶಕ್ಕೆ ಮರಳುವಾಗ ಈ ಕಾರನ್ನು ಇವರಿಗೆ ಕೊಟ್ಟು ಹೋದನು. ಕೊಟ್ಟನೆಂದರೆ ಪುಕ್ಕಟೆಯಾಗಿ ಅಲ್ಲ, ಎರಡು ವರ್ಷಗಳ ಕಂತಿನಲ್ಲಿ. ಫ್ಯಾಕ್ಟರಿಯ ಎಂಜಿನ್ ಮೇಸ್ತ್ರಿಯಿಂದ ತಂದೆ ರಿಪೇರಿ ಕಲಿತರು. ಕಲಿತದ್ದನ್ನೆಲ್ಲ ಎಸ್ಟೇಟಿನ ಹಾಜರಿ ಪುಸ್ತಕದಂಥ ಒಂದು ದಪ್ಪ ಪುಸ್ತಕದಲ್ಲಿ ಕನ್ನಡದಲ್ಲಿ ಬರೆದಿಟ್ಟರು. ಸುತ್ತಲೂ ತಮಿಳು, ಕಚೇರಿಯಲ್ಲಿ ಇಂಗ್ಲಿಷು, ಆದರೆ ಕಾರಿನ ಪುಸ್ತಕ ಮಾತ್ರ ಕನ್ನಡ. ದಿನಾಂಕ, ಓಡಿದ ಮೈಲಿ, ಮಾಡಿದ ಕೆಲಸ, ಆ ದಿನದ ಹವೆ, ಇಷ್ಟೂ ಪ್ರತಿಯೊಂದು ಸಾಲಿನಲ್ಲಿಯೂ ಇರುತ್ತದೆ. ಪೆಟ್ರೋಲು ಹೆಚ್ಚಿದ ಮಿಶ್ರಣಕ್ಕೆ ಅವರು ಇಟ್ಟ ಹೆಸರು 'ಗಟ್ಟಿ', ಕಡಿಮೆಯಾದುದಕ್ಕೆ 'ತಿಳಿ'. ಸಾರಿನ ಭಾಷೆ. ಇಂಗ್ಲಿಷ್ ಕೈಪಿಡಿಯ ಶಬ್ದಗಳಿಗಿಂತ ಇವು ಎಷ್ಟೋ ಮೇಲೆಂದು ನನ್ನ ಅಭಿಪ್ರಾಯ. ಸಾರು ಗಟ್ಟಿಯಾದರೆ ಏನಾಗುತ್ತದೆ, ತಿಳಿಯಾದರೆ ಏನಾಗುತ್ತದೆ ಎಂಬುದನ್ನು ಯಾರಿಗೂ ವಿವರಿಸಬೇಕಾಗಿಲ್ಲ.

ಈ ಮಿಶ್ರಣವನ್ನು ಸಿದ್ಧಪಡಿಸುವ ಎಸ್.ಯು. ಕಾರ್ಬ್ಯುರೇಟರ್ ಒಂದು ಸೊಗಸಾದ ಯಂತ್ರ. ಅದನ್ನು ಕಂಡುಹಿಡಿದ ಸ್ಕಿನ್ನರ್ ಪಾದರಕ್ಷೆಯ ವ್ಯಾಪಾರಿಗಳ ಮನೆತನದವನು. ಆದ್ದರಿಂದಲೋ ಏನೋ, ಮೊದಲಿನ ಎಸ್.ಯು.ಗಳಲ್ಲಿ ಚರ್ಮದ ತಿದಿಯಿತ್ತು, ನಮ್ಮ ಕಮ್ಮಾರನ ಕುಲುಮೆಯಲ್ಲಿರುವಂಥದ್ದು. ಮುಂದೆ ತಿದಿಯ ಬದಲು ಲೋಹದ ಗುಮ್ಮಟದೊಳಗೆ ಏರಿಳಿಯುವ ಪಿಸ್ಟನ್ ಬಂದಿತು. ಪಿಸ್ಟನ್ನಿನ ಅಡಿಯಲ್ಲಿ ತುದಿ ಸಣ್ಣಗಾಗುತ್ತ ಹೋಗುವ ಒಂದು ಸೂಜಿ. ಆ ಸೂಜಿ ಇಳಿಯುವುದು ಜೆಟ್ಟೆಂಬ ಹಿತ್ತಾಳೆಯ ಕೊಳವೆಗೆ. ಎಂಜಿನ್ನು ಹೆಚ್ಚು ಉಸಿರೆಳೆದಾಗ ಪಿಸ್ಟನ್ ಏರುತ್ತದೆ, ಸೂಜಿ ಮೇಲೆದ್ದು ಕೊಳವೆಯಲ್ಲಿ ಎಡೆ ಬಿಡುತ್ತದೆ, ಪೆಟ್ರೋಲು ಹೆಚ್ಚು ಹರಿಯುತ್ತದೆ. ಜೆಟ್ಟಿನ ಕೆಳಗೆ ಆರು ಮುಖದ ನಟ್ಟು. ಅದನ್ನು ಮೇಲಕ್ಕೆ ತಿರುಗಿಸಿದರೆ ತಿಳಿ, ಕೆಳಕ್ಕೆ ತಿರುಗಿಸಿದರೆ ಗಟ್ಟಿ. ಒಮ್ಮೆಗೆ ಒಂದೇ ಮುಖ, ಅಂದರೆ ಸುತ್ತಿನ ಆರನೆಯ ಒಂದು ಪಾಲು. ಇದಕ್ಕಿಂತ ಆತುರ ಕೂಡದು.

ಸರಿಯಾಯಿತೆಂದು ತಿಳಿಯುವುದು ಹೇಗೆ? ಎಂಜಿನ್ನು ಚೆನ್ನಾಗಿ ಕಾದ ಮೇಲೆ ಗಾಳಿ ಶೋಧಕವನ್ನು ಬಿಚ್ಚಿ, ಸಣ್ಣ ಚಾಕುವಿನ ಅಲಗಿನಿಂದ ಪಿಸ್ಟನ್ನನ್ನು ಕೂದಲೆಳೆಯಷ್ಟು, ಒಂದು ಮಿಲಿಮೀಟರಿಗಿಂತ ಕಡಿಮೆ, ಎತ್ತಬೇಕು. ಎಂಜಿನ್ನಿನ ಓಟ ಏರಿ ಏರಿಯೇ ನಿಂತರೆ ಮಿಶ್ರಣ ಗಟ್ಟಿ. ಕುಗ್ಗಿ ಸಾಯುವಂತಾದರೆ ತಿಳಿ. ಒಂದು ಕ್ಷಣ ತುಸು ಏರಿ ಮತ್ತೆ ಮೊದಲಿನ ಓಟಕ್ಕೆ ಬಂದು ನಿಂತರೆ, ಅದೇ ಹದ. ಹೊಗೆಕೊಳವೆಯ ಸದ್ದೂ ಸಾಕ್ಷಿ ಹೇಳುತ್ತದೆ: ಗಟ್ಟಿಯಾದಾಗ ತಾಳ ಹಾಕಿದಂತೆ ಕ್ರಮವಾಗಿ ತಪ್ಪುತ್ತದೆ, ತಿಳಿಯಾದಾಗ ತಾಳಗೆಟ್ಟು ಚಿಮ್ಮಿದಂತೆ ತಪ್ಪುತ್ತದೆ. ಸ್ಪಾರ್ಕ್ ಪ್ಲಗ್ಗು ಬಿಚ್ಚಿ ನೋಡಿದರೆ ಹದವಿದ್ದಾಗ ಬಿಸ್ಕತ್ತಿನ ಬಣ್ಣ, ಗಟ್ಟಿಗೆ ಕಾಡಿಗೆ, ತಿಳಿಗೆ ಸುಣ್ಣ. ಬಣ್ಣ ನೋಡುವುದು ಓಡಿಸಿದ ಮೇಲಿನ ಮಾತು. ಕೂಡಲೇ ಹೇಳುವುದು ಕಿವಿ ಮಾತ್ರ.

ಆದರೆ ಮಿಶ್ರಣಕ್ಕೆ ಕೈ ಹಚ್ಚುವ ಮೊದಲು ಬೇರೆ ಕೆಲಸಗಳು ಮುಗಿದಿರಬೇಕು. ಹೊಸಬರು ಎಡವುವುದು ಇಲ್ಲಿಯೇ. ಕಾರು ಕೆಮ್ಮಿದೊಡನೆ ಕಾರ್ಬ್ಯುರೇಟರನ್ನು ತಿರುವಲು ಹೊರಡುತ್ತಾರೆ. ಮೊದಲು ಟ್ಯಾಪೆಟ್. ಎಂಜಿನ್ನು ತಣ್ಣಗಿರುವಾಗ ಅಂಗುಲದ ಸಾವಿರದಲ್ಲಿ ಹನ್ನೆರಡು ಭಾಗದ ಎಡೆ, ಅಂದರೆ 0.30 ಮಿ.ಮೀ. ಎಂಟು ವಾಲ್ವುಗಳಿಗೆ ಒಂಬತ್ತರ ಲೆಕ್ಕವಿದೆ: ಎಂಟನೆಯದು ಪೂರ್ಣ ತೆರೆದಿದ್ದಾಗ ಒಂದನೆಯದನ್ನು ಸರಿಪಡಿಸಬೇಕು, ಆರನೆಯದು ತೆರೆದಿದ್ದಾಗ ಮೂರನೆಯದನ್ನು, ಎರಡೂ ಕೂಡಿ ಯಾವಾಗಲೂ ಒಂಬತ್ತು. ಅನಂತರ ಡಿಸ್ಟ್ರಿಬ್ಯೂಟರಿನ ಪಾಯಿಂಟ್, ಅದಕ್ಕೆ ಸಾವಿರದಲ್ಲಿ ಹದಿನೈದು. ಪಾಯಿಂಟಿನ ಹಿಮ್ಮಡಿ ಸವೆದಂತೆ ಎಡೆ ಕಿರಿದಾಗುತ್ತದೆ, ಕಿಡಿ ತಡವಾಗುತ್ತದೆ, ಏರಿನಲ್ಲಿ ಕಾರು ಬಸವಳಿಯುತ್ತದೆ. ಮಳೆಗಾಲದಲ್ಲಿ ಮಂಜು ಮನೆಯೊಳಗೇ ಬರುವ ನಮ್ಮ ಊರಿನಲ್ಲಿ ಡಿಸ್ಟ್ರಿಬ್ಯೂಟರಿನ ಮುಚ್ಚಳವನ್ನು ಒಣಬಟ್ಟೆಯಿಂದ ಒರೆಸುವುದು ದೇವರ ದೀಪ ಹಚ್ಚಿದಷ್ಟೇ ನಿತ್ಯಕರ್ಮ.

ಇಳಿಜಾರಿನ ಮಾತು ಬೇರೆ. ಕಲ್ಹಟ್ಟಿ ಘಟ್ಟದ 36 ತಿರುವುಗಳಲ್ಲಿ ಎಂಜಿನ್ನಿಗಿಂತ ಮುಖ್ಯವಾದವು ಬ್ರೇಕು ಮತ್ತು ಮುಂದಿನ ಚಕ್ರಗಳ ಕೀಲು. ಮೈನರಿನಲ್ಲಿ ನಾಲ್ಕೂ ಡ್ರಮ್ ಬ್ರೇಕುಗಳು. ಸದಾ ತುಳಿದುಕೊಂಡೇ ಇಳಿದರೆ ಕಾದು ಹಿಡಿತ ಬಿಡುತ್ತವೆ. ಎರಡನೆಯ ಗೇರಿನಲ್ಲಿ ಎಂಜಿನ್ನಿನ ಬಲದಿಂದಲೇ ತಡೆದು ಇಳಿಯಬೇಕು. ಬ್ರೇಕಿನ ಎಣ್ಣೆಯ ಬಟ್ಟಲು ಚಾಲಕನ ಕಾಲಡಿಯಲ್ಲಿ, ನೆಲದೊಳಗಿದೆ. ಹಾಸನ್ನು ಎತ್ತಿ, ಮುಚ್ಚಳ ತೆಗೆದು ನೋಡದಿದ್ದರೆ ಅದು ಇದೆಯೆಂಬುದೇ ಯಾರಿಗೂ ತಿಳಿಯದು. ಮುಂದಿನ ಚಕ್ರಗಳು ನಿಂತಿರುವುದು ತಿರುಪು ಕೊರೆದ ಕೀಲುಗಳ ಮೇಲೆ. ಅವಕ್ಕೆ ಗ್ರೀಸ್ ಕಾಣಿಸದಿದ್ದರೆ ತಿರುಪು ಸವೆದು, ಒಂದು ದಿನ ಚಕ್ರವೇ ಮಡಿಸಿಕೊಂಡು ಬೀಳುತ್ತದೆ. ಗ್ರೀಸ್ ಗನ್ನು ಹಿಡಿದು ಕಾರಿನಡಿ ಮಲಗುವುದು ಯಾರಿಗೂ ಪ್ರಿಯವಲ್ಲ. ತಂದೆಯವರ ಪುಸ್ತಕದಲ್ಲಿ ಈ ಕೆಲಸಕ್ಕೆ ಮಾತ್ರ ಕೆಂಪು ಶಾಯಿ.

ನನ್ನ ಕಿವಿಯ ಸುದ್ದಿ ತಿಳಿದ ಮೇಲೆ ಮೈಸೂರಿನಲ್ಲಿರುವ ತಂಗಿಯ ಮಗ ಫೋನು ಮಾಡಿದನು. "ಮಾವ, ಕಾರನ್ನು ನನಗೆ ಕೊಡಿ. ಒಳಗೆ ಮಾರುತಿ ಎಂಜಿನ್ ಕೂರಿಸಿಬಿಡೋಣ. ಕೀಲಿ ತಿರುಗಿಸಿದರೆ ಸಾಕು, ಓಡುತ್ತದೆ. ನೋಡುವವರಿಗೆ ಹೊರಗಿನ ರೂಪ ಹಾಗೇ ಇರುತ್ತದಲ್ಲ" ಎಂದನು. ಅವನ ಮಾತಿನಲ್ಲಿ ಪ್ರೀತಿಯಿತ್ತು, ವಿವೇಕವೂ ಇತ್ತು. ಹಾಗೆ ಮಾಡಿದವರು ಎಷ್ಟೋ ಜನರಿದ್ದಾರೆ. ಅವರ ಕಾರುಗಳು ಓಡುತ್ತಿವೆ, ಉಳಿದವರ ಕಾರುಗಳು ಶೆಡ್ಡಿನಲ್ಲಿ ತುಕ್ಕು ಹಿಡಿಯುತ್ತಿವೆ. ನನಗೆ ಒಪ್ಪಿಗೆಯಾಗಲಿಲ್ಲ, ಆದರೆ ಬೇಡವೆನ್ನಲು ನನ್ನ ಬಳಿ ಕಾರಣವೂ ಇರಲಿಲ್ಲ. ಯೋಚಿಸಿ ಹೇಳುತ್ತೇನೆ ಎಂದೆ.

ಕಾರಣ ನಮ್ಮ ಮನೆಯಲ್ಲಿಯೇ ಬೆಳೆಯುತ್ತಿತ್ತು. ಮಗನ ಮಗಳು ಕೊಯಮತ್ತೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಳೆ. ರಜೆಯಲ್ಲಿ ಬಂದವಳು ಕಾರಿನ ಪುಸ್ತಕವನ್ನು ಎತ್ತಿಕೊಂಡು ಕುಳಿತಳು. ಅವಳ ಶಾಲೆಯಲ್ಲಿ ತಮಿಳೂ ಇಂಗ್ಲಿಷೂ ಇದ್ದವು, ಕನ್ನಡವಿರಲಿಲ್ಲ. ಮನೆಯಲ್ಲಿ ಮಾತನಾಡುತ್ತಾಳೆ, ಅಕ್ಷರ ಅರೆಬರೆ. ಮುತ್ತಾತನ ಮೋಡಿಯಂಥ ಬರಹ ಅವಳಿಗೆ ದಿನಕ್ಕೆ ಅರ್ಧ ಪುಟವೂ ದಾಟುತ್ತಿರಲಿಲ್ಲ. "ತಾತ, ಇದು 'ತಿಳಿ'ನಾ 'ತುಳಿ'ನಾ?" ಎಂದು ಕೇಳಿಕೊಂಡು ಬರುವಳು. ಬ್ರೇಕಿನ ಪುಟದಲ್ಲಿ ಎರಡೂ ಇದ್ದವು.

ಅವಳೇ ನನಗೆ ಹೊಸ ತಲೆನೋವನ್ನೂ ತೋರಿಸಿದಳು. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಇದೆ. ಹಳೆಯ ರಬ್ಬರು ಕೊಳವೆಗಳನ್ನು ಅದು ಮೆತ್ತಗಾಗಿಸಿ ಕೆಡಿಸುತ್ತದೆ. ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತನ್ನೊಳಗೇ ಆಮ್ಲಜನಕವಿರುವುದರಿಂದ ಮಿಶ್ರಣವನ್ನು ತಿಳಿ ಮಾಡುತ್ತದೆ. ತಿಳಿ ಮಿಶ್ರಣ ಹೆಚ್ಚು ಬಿಸಿಯಾಗಿ ಉರಿದು ಹೊಗೆವಾಲ್ವನ್ನು ಸುಡಬಹುದು. 2000ದಲ್ಲಿ ದೇಶದಲ್ಲಿ ಸೀಸದ ಪೆಟ್ರೋಲು ನಿಂತಾಗಿನಿಂದಲೇ ವಾಲ್ವುಗಳ ಬಗ್ಗೆ ನನಗೆ ಚಿಂತೆ ಇದ್ದೇ ಇತ್ತು; ಈಗ ಅದು ಇಮ್ಮಡಿಯಾಯಿತು. ಎಥನಾಲನ್ನು ತಡೆಯುವ ಕೊಳವೆಗಳನ್ನು ಅವಳು ತರಿಸಿದಳು. ಇಬ್ಬರೂ ಕೂಡಿ ಬದಲಾಯಿಸಿದೆವು. ತಂದೆಯವರ ಅಳತೆಗಳೆಲ್ಲ ಹಳೆಯ ಪೆಟ್ರೋಲಿನ ಅಳತೆಗಳೆಂದು ಅವಳು ಹೇಳಿದಾಗ ನನಗೆ ತುಸು ನೋವಾಯಿತು. ಮಾತು ಮಾತ್ರ ನಿಜವಾಗಿತ್ತು.

ಕಳೆದ ವೈಶಾಖದಲ್ಲಿ ತಂಗಿಯ ಮನೆಯ ಗೃಹಪ್ರವೇಶಕ್ಕೆ ಮೈಸೂರಿಗೆ ಹೊರಟೆವು. ಗೂಡಲೂರು, ತೆಪ್ಪಕಾಡು, ಬಂಡೀಪುರ ದಾಟಿ ಗುಂಡ್ಲುಪೇಟೆ ಸೇರುವಷ್ಟರಲ್ಲಿ ಸುಮಾರು 1,400 ಮೀಟರ್ ಇಳಿದಿರುತ್ತೇವೆ. ಗಾಳಿ ಗಟ್ಟಿಯಾಗುತ್ತ ಬರುತ್ತದೆ. ಬೆಟ್ಟದಲ್ಲಿ ಹದವಾಗಿದ್ದ ಮಿಶ್ರಣ ಬಯಲಿನಲ್ಲಿ ತಿಳಿಯಾಗುತ್ತದೆ. ಮೇಲಿನ ಊರಿಗೆ ಒಂದು ಹದ, ಕೆಳಗಿನ ಊರಿಗೆ ಒಂದು. ಹೋಗುವಾಗ ಎರಡು ಮುಖ ಕೆಳಗೆ, ಬರುವಾಗ ಎರಡು ಮುಖ ಮೇಲೆ ಎಂದು ತಂದೆಯವರ ಪುಸ್ತಕದಲ್ಲಿ ಹತ್ತಾರು ಕಡೆ ಇದೆ. ನಾನು ಆ ನಟ್ಟನ್ನು ತಿರುಗಿಸುತ್ತಿದ್ದುದು ಗುಂಡ್ಲುಪೇಟೆಯ ಊಟದ ಹೊತ್ತಿಗೆ.

ಅಂದು ಕಾರು ಓಡಿಸುತ್ತಿದ್ದವಳು ಅವಳು. ಗುಂಡ್ಲುಪೇಟೆಗೆ ಇನ್ನೂ ಐದಾರು ಮೈಲಿ ಇರುವಾಗಲೇ ಹುಣಸೆಮರದ ನೆರಳಿಗೆ ಒತ್ತಿ ನಿಲ್ಲಿಸಿದಳು. "ಏಕಮ್ಮ?" ಎಂದೆ. "ತಾತ, ಚಿಮ್ಮುತ್ತಿದೆ, ಕೇಳಿಸುತ್ತಿಲ್ಲವೇ?" ಎಂದಳು. ನನಗೆ ಕೇಳಿಸಿರಲಿಲ್ಲ. ಬಾನೆಟ್ಟನ್ನು ಎತ್ತಿ, ಚಾಕು ತೆಗೆದು, ಪಿಸ್ಟನ್ನನ್ನು ಮುಟ್ಟಿದಳು. ಎಂಜಿನ್ನು ನರಳಿ ನಿಲ್ಲುವಂತಾಯಿತು. ಎರಡು ಮುಖ ಇಳಿಸಿ, ಮತ್ತೆ ಮುಟ್ಟಿ, ತಲೆ ವಾಲಿಸಿ ಆಲಿಸಿ, ಇನ್ನೂ ಅರ್ಧ ಮುಖ ಇಳಿಸಿದಳು. "ಈ ಅರ್ಧ ಎಥನಾಲಿಗೆ" ಎಂದಳು. ನಾನು ರಸ್ತೆಬದಿಯ ಕಲ್ಲಿನ ಮೇಲೆ ಕುಳಿತು ಅವಳ ಮುಖವನ್ನೇ ನೋಡುತ್ತಿದ್ದೆ. ಎಂಜಿನ್ನಿನ ಸ್ಥಿತಿ ನನಗೆ ತಿಳಿಯುತ್ತಿದ್ದುದು ಅಲ್ಲಿಂದಲೇ.

ಮೈಸೂರಿನಲ್ಲಿ ಸೋದರಳಿಯ ಕಾರಿನ ಸುತ್ತ ಒಂದು ಸುತ್ತು ಬಂದು, "ಏನು ನಿರ್ಧಾರ ಮಾಡಿದಿರಿ ಮಾವ?" ಎಂದು ಕೇಳಿದನು. ಅವಳು ಪಕ್ಕದಲ್ಲಿ ನಿಂತು ಪುಸ್ತಕದಲ್ಲಿ ಅಂದಿನ ಸಾಲನ್ನು ಬರೆಯುತ್ತಿದ್ದಳು. ಅವಳನ್ನೇ ಕೇಳಿಕೋ ಎಂದೆ. ಅವನು ಬಗ್ಗಿ ಪುಸ್ತಕ ನೋಡಿ ನಕ್ಕನು. 'ಎರಡೂವರೆ ಮುಕ ಕೆಳಗೆ, ಬಿಸಿಲು' ಎಂದು ಬರೆದಿದ್ದಳು. ತಮಿಳಿನ ಶಾಲೆಯಲ್ಲಿ ಕಲಿತ ಕೈಗೆ ಮಹಾಪ್ರಾಣ ಇನ್ನೂ ಒಗ್ಗಿರಲಿಲ್ಲ. ಅವನು ಅವಳ ಪೆನ್ನನ್ನು ತೆಗೆದುಕೊಂಡು 'ಖ'ವನ್ನು ಹೇಗೆ ಬರೆಯಬೇಕೆಂದು ಅಂಚಿನಲ್ಲಿ ತೋರಿಸಿಕೊಟ್ಟನು. ಮಾರುತಿ ಎಂಜಿನ್ನಿನ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.